ಹೇಳ್ರಿ, ನಿಮಗೇನನಿಸುತ್ತದೆ?

ಮಂದಿಯಿಂದ ಕೆಲಸ ತೆಗೆಯುವ ವಿದ್ಯೆಯನ್ನು ಜಗತ್ತಿಗೆ ಕಲಿಸಿದವರ ಪೂರ್ವಾಶ್ರಮ ನೋಡಿದರೆ ಎಂಥವನಿಗೂ ಧೈರ್ಯ ಬರುತ್ತದೆ. ಅಮೆರಿಕದ ಟಿಮೊಥಿ ಗಾಲ್ವೇ ಟೆನಿಸ್ ಹೇಳಿಕೊಡುತ್ತಿದ್ದವರು. ಆಟಗಾರನ ಕಿವಿಯಲ್ಲಿ ಸೂಚನೆ ಸುರಿಯುವುದನ್ನು ಬಿಟ್ಟು ಚೆಂಡಿನ ಮೇಲೆ ಅವನ ಗಮನ ನಿಲ್ಲಿಸಿದರೆ ತಾನೇ ಕಲಿಯುತ್ತಾನೆ ಎಂದು 1974ರಲ್ಲಿ ಪುಸ್ತಕ ಬರೆದರು. ಅದನ್ನು ಆಫೀಸಿನ ಒಳಗೆ ತಂದವರಲ್ಲಿ ಒಬ್ಬರು ಬ್ರಿಟನ್ನಿನ ಜಾನ್ ವಿಟ್ಮೋರ್. ಅವರು ಕಾರ್ ರೇಸಿನವರು, 1965ರಲ್ಲಿ ಯುರೋಪಿನ ಟೂರಿಂಗ್ ಕಾರ್ ಚಾಂಪಿಯನ್. ಗುರಿ, ವಾಸ್ತವ, ಆಯ್ಕೆ, ಸಂಕಲ್ಪ ಎಂಬ ನಾಲ್ಕು ಮೆಟ್ಟಿಲಿನ ‘ಗ್ರೋ’ ಪದ್ಧತಿ ಮನೆಮಾತಾದದ್ದು ಅವರ 1992ರ ಪುಸ್ತಕದಿಂದ. ಇನ್ನು ಮನುಷ್ಯರನ್ನು ಹದಿನಾರು ಜಾತಿಯಾಗಿ ವಿಂಗಡಿಸುವ ಮೈಯರ್ಸ್–ಬ್ರಿಗ್ಸ್ ಪರೀಕ್ಷೆ ಮಾಡಿದವರು ತಾಯಿ ಮತ್ತು ಮಗಳು. ಇಬ್ಬರೂ ಮನಶ್ಶಾಸ್ತ್ರ ಓದಿದವರಲ್ಲ, ಮಗಳು ಅದಕ್ಕೂ ಮುಂಚೆ ಪತ್ತೇದಾರಿ ಕಾದಂಬರಿ ಬರೆದು ಬಹುಮಾನ ಹೊಡೆದವಳು.

ಹೀಗಿರುವಾಗ ಪತ್ತಿನ ಸಹಕಾರಿ ಸಂಘವೊಂದರಲ್ಲಿ ಬೆಳೆ ಸಾಲ, ಬಂಗಾರ ಸಾಲ, ಸುಸ್ತಿ ಸಾಲ ಎಂದು ಸಾಲದ ಎಲ್ಲ ಅವತಾರಗಳನ್ನೂ ಕಂಡ ಮ್ಯಾನೇಜರ್ ನಾನು ಕೋಚ್ ಯಾಕೆ ಆಗಬಾರದು?

ಆಗಲೇಬೇಕೆಂದು ನಮ್ಮ ಆಡಳಿತ ಮಂಡಳಿ ಠರಾವು ಮಾಡಿತು. ಪಕ್ಕದ ತಾಲ್ಲೂಕಿನ ಸಂಘ ತನ್ನ ಮ್ಯಾನೇಜರನ್ನು ‘ಲೀಡರ್‌ಶಿಪ್ ಕೋಚಿಂಗ್’ಗೆ ಕಳಿಸಿ ಫೋಟೋ ಪೇಪರಿನಲ್ಲಿ ಹಾಕಿಸಿದ್ದೇ ಇದಕ್ಕೆ ಕಾರಣ. ನಮ್ಮದು ಗದಗ ಸೀಮೆ. ಮಗ್ಗುಲಲ್ಲೇ ಇರುವ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು 1905ರಲ್ಲಿ ರೈತರನ್ನು ಕೂಡಿಸಿ ದೇಶದ ಮೊದಮೊದಲ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಒಂದನ್ನು ಕಟ್ಟಿದರು. ಒಬ್ಬರ ಸಾಲಕ್ಕೆ ಊರೇ ಹೆಗಲು ಕೊಡುವ ಆ ತಂಡ ಕಟ್ಟುವ ಮೊದಲು ಪಾಟೀಲರು ಯಾವ ರೆಸಾರ್ಟಿಗೂ ಹೋಗಿರಲಿಲ್ಲ ಎಂದು ನಾನು ಸಭೆಯಲ್ಲಿ ಹೇಳಬೇಕೆಂದಿದ್ದೆ. ಆದರೆ ತರಬೇತಿ ದಾಂಡೇಲಿಯಲ್ಲಿ, ಕಾಳಿ ನದಿಯ ದಂಡೆಗೆ, ಊಟ ವಸತಿ ಸಮೇತ ಎಂದು ಗೊತ್ತಾದ ಮೇಲೆ ಇತಿಹಾಸವನ್ನು ನುಂಗಿಕೊಂಡೆ.

ಅಲ್ಲಿ ಕೂಡಿದವರೆಲ್ಲ ನನ್ನಂಥವರೇ. ಹಾವೇರಿ, ಬಾಗಲಕೋಟೆ, ವಿಜಯಪುರ ಕಡೆಯ ಮ್ಯಾನೇಜರುಗಳು. ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮುಂದೆ ಹೊಟ್ಟೆ. ಕೋಚ್ ಮಾತ್ರ ನಮ್ಮ ಮಗನ ವಯಸ್ಸಿನವರು, ಬೆಂಗಳೂರಿನಿಂದ ಬಂದಿದ್ದರು. ನಮ್ಮನ್ನು ‘ಗಯ್ಸ್’ ಎಂದು ಕರೆದರು. ನಿವೃತ್ತಿಗೆ ಹತ್ತಿರವಾಗಿದ್ದ ವಿಭೂತಿಧಾರಿ ಹಿರಿಯರೊಬ್ಬರು ಯಾರೋ ಹಿಂದೆ ಬಂದಿರಬೇಕೆಂದು ತಿರುಗಿ ನೋಡಿದರು.

ತಂಡವೊಂದು ಹುಟ್ಟುವ ಬಗೆಯನ್ನು ಬ್ರೂಸ್ ಟಕ್‌ಮನ್ ಎಂಬ ಮನಶ್ಶಾಸ್ತ್ರಜ್ಞ 1965ರಲ್ಲಿ ನಾಲ್ಕು ಘಟ್ಟವಾಗಿ ಬರೆದಿಟ್ಟಿದ್ದಾರಂತೆ. ಮೊದಲು ಕೂಡುವುದು, ಆಮೇಲೆ ಕಚ್ಚಾಡುವುದು, ಆಮೇಲೆ ರೂಢಿಗೆ ಬೀಳುವುದು, ಕೊನೆಗೆ ಕೆಲಸ ಮಾಡುವುದು. ಅವರು ಆಧಾರವಾಗಿ ಇಟ್ಟುಕೊಂಡ ಅಧ್ಯಯನಗಳಲ್ಲಿ ಬಹಳಷ್ಟು ಮಾನಸಿಕ ಚಿಕಿತ್ಸೆಗೆ ಕೂಡಿದ ಗುಂಪುಗಳವು ಎಂದು ತಿಳಿದಾಗ ನಮಗೆ ಆತ್ಮೀಯತೆ ಹುಟ್ಟಿತು. ನಾವು ಎರಡನೆಯ ಘಟ್ಟವನ್ನು ಮೊದಲ ರಾತ್ರಿಯೇ, ಗೊರಕೆ ಹೊಡೆಯುವವರ ಕೋಣೆ ಯಾವುದೆಂಬ ವಿಷಯದ ಮೇಲೆ ಮುಟ್ಟಿದೆವು. 1977ರಲ್ಲಿ ಟಕ್‌ಮನ್ ಐದನೆಯ ಘಟ್ಟವನ್ನೂ ಸೇರಿಸಿದರು: ತಂಡ ಚದುರುವುದು. ನಮ್ಮ ತಂಡ ಎರಡರಿಂದ ನೇರ ಐದಕ್ಕೆ ಹಾರಿ, ದಿಂಬು ಎತ್ತಿಕೊಂಡು ಬೇರೆ ಬೇರೆ ಕೋಣೆಗೆ ಹೋಯಿತು.

ಮರುದಿನ ಹಗ್ಗ ಜಗ್ಗಾಟ, ಎಂಟು ಮಂದಿಗೆ ಎಂಟು ಮಂದಿ. ನಾನು ಮಧ್ಯದಲ್ಲಿ ನಿಂತೆ. ಸೊಂಟದ ಡಾಕ್ಟರು ಹೇಳಿದ ಮಾತು ನೆನಪಿದ್ದುದರಿಂದ ಶಕ್ತಿಯನ್ನೆಲ್ಲ ಮುಖಕ್ಕೆ ಹಾಕಿದೆ. ಹಲ್ಲು ಕಚ್ಚಿದೆ, ಕಣ್ಣು ಕೆಂಪು ಮಾಡಿದೆ, ‘ಹೈಸಾ’ ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದೆ. ಹಗ್ಗದ ಮೇಲೆ ಬೆರಳು ಇಟ್ಟಿದ್ದೆ ಅಷ್ಟೆ. ಹಗ್ಗ ಅತ್ತಲೂ ಹೋಗಲಿಲ್ಲ, ಇತ್ತಲೂ ಬರಲಿಲ್ಲ. ಆಮೇಲೆ ಕೋಚ್ ಬೋರ್ಡಿನ ಮೇಲೆ ಬರೆದರು. ಫ್ರಾನ್ಸಿನ ಕೃಷಿ ಎಂಜಿನಿಯರ್ ಮ್ಯಾಕ್ಸ್ ರಿಂಗಲ್‌ಮನ್ ಜನರಿಂದ ಹಗ್ಗ ಎಳೆಸಿ ಅಳೆದು 1913ರಲ್ಲಿ ಪ್ರಕಟಿಸಿದ ಲೆಕ್ಕವಂತೆ. ಒಬ್ಬನೇ ಎಳೆಯುವಾಗಿನ ಬಲ 100 ಎಂದಿಟ್ಟುಕೊಂಡರೆ ಇಬ್ಬರಾದಾಗ ತಲೆಗೆ 93, ಮೂವರಾದಾಗ 85, ಎಂಟು ಮಂದಿಯಾದಾಗ 49. ಈ ಲೆಕ್ಕ ಮೊದಲೇ ಹೇಳಿದ್ದರೆ ನಾನು 49ರ ತನಕವಾದರೂ ಹೋಗುತ್ತಿದ್ದೆ.

ಸಂಜೆ ನಂಬಿಕೆಯ ಆಟ. ಒಬ್ಬರು ಕಣ್ಣು ಮುಚ್ಚಿ ಹಿಂದಕ್ಕೆ ಬೀಳಬೇಕು, ಹಿಂದಿನವರು ಹಿಡಿಯಬೇಕು. ‘ಮೊದಲು ಯಾರು?’ ಎಂದರೆ ಎಲ್ಲರೂ ಬೂಟು ನೋಡಿಕೊಂಡರು. ಬಾಗಲಕೋಟೆಯವರು ಕೈ ಎತ್ತಿ, ‘ಸರ, ಜಾಮೀನುದಾರರು ಯಾರ್ರಿ?’ ಎಂದರು. ಕೋಚ್‌ಗೆ ಅರ್ಥವಾಗಲಿಲ್ಲ. ಇಬ್ಬರು ಜಾಮೀನು ಇಲ್ಲದೆ ಐದು ಸಾವಿರ ರೂಪಾಯಿ ಸಾಲವನ್ನೂ ಮಂಜೂರು ಮಾಡದವರಿಗೆ ತೊಂಬತ್ತು ಕಿಲೋದ ಮನುಷ್ಯನನ್ನು ಕೈಗಡವಾಗಿ ಕೊಡು ಎಂದರೆ ಹೇಗೆ? ಕೊನೆಗೆ ನಾಯಕತ್ವದ ಗುಣ ನನ್ನಲ್ಲಿ ಉಕ್ಕಿ, ಮುಂದೆ ಹೋಗಿ ನಿಂತೆ. ಹಿಂದೆ ನಾಲ್ವರು ತೋಳು ಚಾಚಿದರು. ಕಣ್ಣು ಮುಚ್ಚಿ ದೇಹವನ್ನು ಬಿಟ್ಟೆ. ಅದೇ ಗಳಿಗೆಗೆ ಅಡುಗೆಮನೆ ಕಡೆಯಿಂದ ಮಿರ್ಚಿ ಭಜಿಯ ತಾಟು ಬಂತು. ಎಂಟು ಕೈಗಳಲ್ಲಿ ಒಂದು ಕೈ ಮಾತ್ರ ಕರ್ತವ್ಯ ಮರೆಯಲಿಲ್ಲ, ಅದು ನನ್ನ ಕಾಲರ್ ಹಿಡಿಯಿತು. ಕಾಲರ್ ಅವರ ಕೈಯಲ್ಲಿ ಉಳಿಯಿತು.

ಮಾರ್ಷ್‌ಮೆಲೋ ಆಟದ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಹೇಳಬೇಕು, ಮುಂದಿನ ಅನಾಹುತದ ಬೀಜ ಅಲ್ಲಿದೆ. ಇಪ್ಪತ್ತು ಸ್ಪಗೆಟಿ ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ, ಮಾರ್ಷ್‌ಮೆಲೋ ಎಂಬ ಒಂದು ಮೆತ್ತನೆ ಮಿಠಾಯಿ. ಹದಿನೆಂಟು ನಿಮಿಷದಲ್ಲಿ ಗೋಪುರ ಕಟ್ಟಿ, ತುದಿಗೆ ಮಾರ್ಷ್‌ಮೆಲೋ ಇಟ್ಟು ನಿಲ್ಲಿಸಬೇಕು. ಪೀಟರ್ ಸ್ಕಿಲ್‌ಮನ್ ಹುಟ್ಟುಹಾಕಿದ ಈ ಆಟವನ್ನು 2010ರಲ್ಲಿ ಟೆಡ್ ವೇದಿಕೆಯಲ್ಲಿ ಟಾಮ್ ವುಜೆಕ್ ಹೇಳಿ ಜಗತ್ತಿಗೆಲ್ಲ ಹರಡಿದರು. ಇದರಲ್ಲಿ ಎಂಬಿಎ ಓದಿದವರಿಗಿಂತ ಶಿಶುವಿಹಾರದ ಮಕ್ಕಳು ಎತ್ತರ ಕಟ್ಟುತ್ತಾರಂತೆ. ದೊಡ್ಡವರು ಯಾರು ಮುಖ್ಯಸ್ಥ ಎಂಬುದರಲ್ಲಿ, ಪ್ಲಾನ್ ಹಾಕುವುದರಲ್ಲಿ ಹೊತ್ತು ಕಳೆದು, ಕೊನೆಯ ಗಳಿಗೆಗೆ ಮಾರ್ಷ್‌ಮೆಲೋ ಏರಿಸುತ್ತಾರೆ, ಅದು ಎಲ್ಲವನ್ನೂ ಕೆಡವಿಕೊಂಡು ಇಳಿಯುತ್ತದೆ. ಮಕ್ಕಳು ಮೊದಲಿನಿಂದಲೇ ಅದನ್ನು ಇಟ್ಟು, ಬಿದ್ದರೆ ತಿದ್ದುತ್ತಾ ಹೋಗುತ್ತಾರೆ. ನಮ್ಮ ತಂಡದಲ್ಲಿ ಪ್ಲಾನ್ ಹಾಕುವ ಪ್ರಶ್ನೆಯೇ ಬರಲಿಲ್ಲ. ವಿಭೂತಿಧಾರಿ ಹಿರಿಯರು ಇದು ಪ್ರಸಾದವೆಂದು ತಿಳಿದು ಮಾರ್ಷ್‌ಮೆಲೋವನ್ನು ಕಣ್ಣಿಗೊತ್ತಿಕೊಂಡು ಬಾಯಿಗೆ ಹಾಕಿಕೊಂಡಿದ್ದರು. ಯಾರೋ ಪೊಟ್ಟಣ ತಿರುಗಿಸಿ ನೋಡಿದರು. ಹಸಿರು ಚುಕ್ಕೆ ಇರಬೇಕಾದಲ್ಲಿ ಕಂದು ಗುರುತು! ಜೆಲಾಟಿನ್ ಎಂದರೆ ಏನು, ಅದು ಯಾವ ಪ್ರಾಣಿಯ ಯಾವ ಭಾಗದಿಂದ ಬರುತ್ತದೆ ಎಂದು ವಿಜಯಪುರದವರು ಮೊಬೈಲ್ ನೋಡಿ ಗಟ್ಟಿಯಾಗಿ ಓದುತ್ತಿರುವಂತೆ ಹಿರಿಯರು ಕಾಳಿ ನದಿಯ ಕಡೆ ಓಡಿದರು. ಅವರ ಹಿಂದೆ ಕೋಚ್ ಓಡಿದರು. ಉಳಿದ ಹದಿನಾರು ನಿಮಿಷ ನಾವು ಭಜಿ ತಿಂದೆವು.

ಇಷ್ಟು ಸಿದ್ಧನಾಗಿ, ಒಂದು ಸರ್ಟಿಫಿಕೇಟು ಮತ್ತು ಕಾಲರಿಲ್ಲದ ಅಂಗಿಯ ಜೊತೆ ಊರಿಗೆ ಬಂದೆ.

ಕೋಚಿಂಗಿನ ತಿರುಳು ಇಷ್ಟು: ಉತ್ತರ ಕೊಡಬಾರದು, ಪ್ರಶ್ನೆ ಕೇಳಬೇಕು. ಉತ್ತರ ಎದುರಿನವನ ಒಳಗೇ ಇರುತ್ತದೆ. ಇಷ್ಟು ವರ್ಷ ಉತ್ತರ ಹುಡುಕಿ ಹುಡುಕಿ ತಲೆ ಬೋಳಾದ ನನಗೆ ಇದು ಬಹಳ ಹಿಡಿಸಿತು. ಸೋಮವಾರ ಬಾಗಿಲು ತೆರೆಯುತ್ತಲೇ ಕ್ಯಾಶಿಯರ್ ಮೇಡಂ ಅರ್ಜಿ ಹಿಡಿದು ಬಂದರು.

‘ಸರ, ನಾಳಿಂದ ರಜಾ ಬೇಕಾಗಿತ್ರಿ.’

‘ಇದರಿಂದ ನೀವು ಮುಟ್ಟಬೇಕೆಂದಿರುವ ಗುರಿ ಯಾವುದು?’

ಮೇಡಂ ಅರ್ಜಿಯನ್ನೊಮ್ಮೆ ನೋಡಿದರು. ‘ರಜಾರಿ.’

‘ಸದ್ಯದ ವಾಸ್ತವ?’

‘ತವರುಮನ್ಯಾಗ ತಮ್ಮನ ಮಗನ ಜವಳ ಐತ್ರಿ.’

‘ನಿಮ್ಮ ಮುಂದಿರುವ ಆಯ್ಕೆಗಳು?’

‘ನೀವು ರಜಾ ಕೊಟ್ರ ಹೋಗ್ತೇನ್ರಿ. ಕೊಡಲಿಲ್ಲಂದ್ರ ಮೈಯಾಗ ಆರಾಮಿಲ್ಲಂತ ಫೋನ್ ಹಚ್ಚಿ ಹೋಗ್ತೇನ್ರಿ.’

‘ಸರಿ, ಈಗ ನಿಮ್ಮ ಸಂಕಲ್ಪ ಹೇಳಿ.’

‘ಹನ್ನೊಂದೂವರಿ ಬಸ್ಸಿಗ್ರಿ.’

ಸಹಿ ಹಾಕಿದೆ. ಪದ್ಧತಿ ನೂರಕ್ಕೆ ನೂರು ಫಲ ಕೊಟ್ಟಿತ್ತು. ಫಲ ಯಾರಿಗೆ ಎಂಬುದಷ್ಟೇ ಚರ್ಚೆಯ ವಿಷಯ.

ಪ್ರಶ್ನೆ ಕೇಳಿದ ಮೇಲೆ ಸುಮ್ಮನಿರಬೇಕು, ಆ ಮೌನದಲ್ಲಿ ಎದುರಿನವನು ಬೆಳೆಯುತ್ತಾನೆ ಎಂದೂ ಕೋಚ್ ಹೇಳಿದ್ದರು. ಪಿಗ್ಮಿ ಏಜೆಂಟ ಬಂದು, ‘ಸರ, ಕಿರಾಣಿ ಅಂಗಡಿಯವ್ರು ಪಿಗ್ಮಿ ಬಂದ್ ಮಾಡ್ತಾರಂತ, ಏನ್ ಮಾಡೂಣ್ರಿ?’ ಎಂದ. ‘ನಿನಗೇನನಿಸುತ್ತದೆ?’ ಎಂದು ಕೇಳಿ, ಅವನ ಕಣ್ಣಲ್ಲಿ ಕಣ್ಣಿಟ್ಟು ಸುಮ್ಮನಾದೆ. ಅವನೂ ಸುಮ್ಮನಾದ. ಗಡಿಯಾರದ ಸದ್ದು ಕೇಳಿಸತೊಡಗಿತು. ಅವನು ಬೆಳೆಯುತ್ತಿದ್ದಾನೆಂದು ನಾನು ಒಳಗೇ ಹಿಗ್ಗುತ್ತಿದ್ದೆ. ಅವನು ಮೆಲ್ಲಗೆ ಹಿಂದೆ ಸರಿದು, ಬಾಗಿಲು ದಾಟುತ್ತಲೇ, ‘ಸರಗ ಶುಗರ್ ಡೌನ್ ಆಗೇತಿ, ಮಾತ್ ನಿಂತಾವ’ ಎಂದು ಕೂಗಿದ. ಸಿಪಾಯಿ ನನ್ನ ಬಾಯಿಗೆ ಸಕ್ಕರೆ ಹಾಕಿದ, ಸಾಲದ ಕ್ಲಾರ್ಕ ನನ್ನ ಹೆಂಡತಿಗೆ ಫೋನ್ ಮಾಡಿದ. ಅವಳು, ‘ಮಾತು ನಿಂತಿದ್ದರೆ ಸಂಜೀತನಕ ಹಂಗ ಇರಲಿ ಬಿಡ್ರಿ’ ಎಂದಳಂತೆ.

ಇಷ್ಟಕ್ಕೇ ಸೋಲುವವನಲ್ಲ ನಾನು. ಹಾರ್ವರ್ಡಿನ ಏಮಿ ಎಡ್ಮಂಡ್ಸನ್ 1999ರಲ್ಲಿ ಬರೆದದ್ದನ್ನು ಕೋಚ್ ಕೊಟ್ಟ ಪುಸ್ತಿಕೆಯಲ್ಲಿ ಓದಿದ್ದೆ. ತಪ್ಪಾದರೆ ತಪ್ಪಾಯಿತೆಂದು ಹೇಳುವ ಧೈರ್ಯ ಯಾವ ತಂಡದಲ್ಲಿ ಇರುತ್ತದೋ ಆ ತಂಡ ಕಲಿಯುತ್ತದೆ. ಆಸ್ಪತ್ರೆಗಳಲ್ಲಿ ಅವರು ನೋಡಿದಾಗ ಒಳ್ಳೆಯ ತಂಡಗಳಲ್ಲೇ ತಪ್ಪು ಹೆಚ್ಚು ದಾಖಲಾಗಿದ್ದವಂತೆ, ಉಳಿದವರು ಮುಚ್ಚಿಡುತ್ತಿದ್ದರು. ಆಮೇಲೆ ಗೂಗಲ್‌ನವರೂ ತಮ್ಮ ಅನೇಕ ತಂಡಗಳನ್ನು ಜಾಲಾಡಿ ಇದೇ ಧೈರ್ಯವನ್ನು ಎಲ್ಲಕ್ಕಿಂತ ಮೇಲಿಟ್ಟರು. ನಾನು ಸಿಬ್ಬಂದಿಯನ್ನು ಕೂಡಿಸಿ, ‘ಇನ್ನು ಮೇಲೆ ಇಲ್ಲಿ ಯಾರೂ ಏನನ್ನೂ ಅಂಜದೆ ಹೇಳಬಹುದು’ ಎಂದು ಸಾರಿದೆ. ಮೊದಲು ಯಾರೂ ಬಾಯಿ ಬಿಡಲಿಲ್ಲ. ಆಮೇಲೆ ಸಂಡಾಸದ ಚಿಲಕ ಬಂತು. ಅದರ ಹಿಂದೆ ತಿರುಗದ ಫ್ಯಾನ್, ನೀರು ನೀರು ಚಹಾ, ಬಾರದ ದೀಪಾವಳಿ ಬೋನಸ್. ‘ಸರ, ನೀವು ಮಧ್ಯಾಹ್ನ ಊಟ ಆದಮ್ಯಾಲ ಹೊಡಿಯೂ ಗೊರಕಿಗೆ ಠೇವಣಿ ಇಡಾಕ ಬಂದವ್ರು ಹೊಳ್ಳಿ ಹೊಕ್ಕಾರ್ರಿ’ ಎಂದ ಸಿಪಾಯಿ. ‘ಯಾರು ಹಾಗೆ ಹೇಳಿದ್ದು? ಹೆಸರು ಹೇಳು’ ಎಂದು ನಾನು ಎದ್ದು ನಿಂತೆ. ಧೈರ್ಯದ ಯುಗ ಅಲ್ಲಿಗೆ ಮುಗಿಯಿತು.

ಮುಖಾಮುಖಿ ಆಗದಿದ್ದರೇನು, ಹೆಸರಿಲ್ಲದ ಅಭಿಪ್ರಾಯ ಪತ್ರ ಇದೆಯಲ್ಲ. ಎಲ್ಲರಿಗೂ ಫಾರ್ಮ್ ಹಂಚಿ, ಹೆಸರು ಬರೆಯಬೇಡಿ, ಯಾರು ಬರೆದದ್ದೆಂದು ನಾನು ತಿಳಿಯುವುದೂ ಇಲ್ಲ ಎಂದು ಭಾಷೆ ಕೊಟ್ಟೆ. ಎಲ್ಲದರಲ್ಲೂ ‘ಸಾಹೇಬರು ಒಳ್ಳೆಯವರು’ ಎಂದಿತ್ತು. ಒಂದರಲ್ಲಿ ಮಾತ್ರ, ‘ಸಾಹೇಬರು ಒಳ್ಳೆಯವರು. ದಾಂಡೇಲಿಗೆ ಹೋಗುವ ಮೊದಲು ಇನ್ನೂ ಒಳ್ಳೆಯವರಿದ್ದರು’ ಎಂದು. ಸಂಜೆ ಎಲ್ಲರೂ ಹೋದ ಮೇಲೆ ಬಾಗಿಲು ಹಾಕಿಕೊಂಡು, ಕಪಾಟಿನಿಂದ ಮಾದರಿ ಸಹಿಯ ಕಾರ್ಡು, ಹಾಜರಿ ಪುಸ್ತಕ, ಹಳೆಯ ರಜಾ ಅರ್ಜಿ ಎಲ್ಲ ತೆಗೆದು ಭೂತಗನ್ನಡಿ ಹಿಡಿದು ಕೂತೆ. ಖೋಟಾ ಸಹಿ ಹಿಡಿಯುವುದರಲ್ಲಿ ನನ್ನ ಹೆಸರು ಜಿಲ್ಲೆಗೇ ಗೊತ್ತು. ‘ಳ’ದ ಬಾಲ, ‘ಒ’ದ ಹೊಟ್ಟೆ, ಒತ್ತಿನ ಓರೆ. ಗೊತ್ತಾಯಿತು: ಎಲ್ಲ ಫಾರ್ಮುಗಳೂ ಒಂದೇ ಕೈಯವು. ಎಲ್ಲರೂ ತಂತಮ್ಮ ಫಾರ್ಮನ್ನು ಸಿಪಾಯಿಗೆ ಕೊಟ್ಟು ಮನೆಗೆ ಹೋಗಿದ್ದರು.

ಆಗ ನೆನಪಾದದ್ದು ಗೋಪುರ. ನಮ್ಮ ಪೇಟೆಯಲ್ಲಿ ಸ್ಪಗೆಟಿ ಸಿಗುವುದಿಲ್ಲ, ಶಾವಿಗೆ ಕೈ ತಾಗಿದರೆ ಮುರಿಯುತ್ತದೆ. ಹಾಗಾಗಿ ಪೂಜೆಯ ಗೂಡಿನಿಂದ ಊದಿನಕಡ್ಡಿ ತೆಗೆದೆ. ಟೇಪಿನ ಬದಲು ಕಡತ ಕಟ್ಟುವ ದಾರ. ಮಾರ್ಷ್‌ಮೆಲೋ ಜಾಗಕ್ಕೆ, ಬಂಗಾರ ಬಿಡಿಸಿಕೊಂಡು ಹೋದ ಯಾರೋ ಕೊಟ್ಟಿದ್ದ ಬೂಂದಿ ಲಡ್ಡು, ಶುದ್ಧ ಶಾಕಾಹಾರಿ. ಕಂಪನಿ ಮುಖ್ಯಸ್ಥರ ತಂಡಕ್ಕೆ ಅವರ ಆಪ್ತ ಸಹಾಯಕರನ್ನು ಸೇರಿಸಿದರೆ ಗೋಪುರ ಎತ್ತರವಾಗುತ್ತದೆ ಎಂದು ವುಜೆಕ್ ಹೇಳಿದ್ದು ನೆನಪಿಟ್ಟು ಸಿಪಾಯಿಯನ್ನು ನನ್ನ ಕಡೆ ತೆಗೆದುಕೊಂಡೆ. ಬಂಗಾರದ ತೂಕ ನೋಡುವ ಪತ್ತಾರರೂ ನನ್ನ ಕಡೆ. ವಿಶಾಲ ಜಾಗ ಎಂದರೆ ನಗದು ಕೌಂಟರ್ ಒಂದೇ. ಕರೆಂಟು ಹೋಗಿತ್ತು, ಗಿರಾಕಿಗಳೂ ಕಡಿಮೆ. ಸುಸ್ತಿ ಸಾಲಕ್ಕೆ ಗಡುವು ಕೇಳಲು ಬಂದ ರೈತರೊಬ್ಬರು, ಎಪ್ಪತ್ತರ ಅಜ್ಜಾರು, ಬೆಳಗಿನಿಂದ ಬೆಂಚಿನ ಮೇಲೆ ಕೂತು ಎಲ್ಲವನ್ನೂ ನೋಡುತ್ತಿದ್ದರು.

ಪತ್ತಾರರ ಬೆರಳು ನೋಡಬೇಕಿತ್ತು. ಊದಿನಕಡ್ಡಿಯ ಕರಿ ಪುಡಿಯನ್ನೆಲ್ಲ ಉಗುರಿನಿಂದ ಕೆರೆದು, ಬಿದಿರಿನ ಕಡ್ಡಿಗಳನ್ನು ಮೂರು ಮೂರಾಗಿ ಜೋಡಿಸಿ, ದಾರದ ಎಳೆ ಬಿಡಿಸಿ ಎರಡು ಸುತ್ತು, ಒಂದು ಗಂಟು. ಮೂಗುತಿಗೆ ಹರಳು ಕೂಡಿಸುವ ಗಮನ. ಗೋಪುರ ಮೊಳದೆತ್ತರ ಎದ್ದಿತು. ‘ಸರ, ಲಡ್ಡು ಒಮ್ಮಿ ಇಟ್ಟು ನೋಡೂಣ್ರಿ’ ಎಂದ ಸಿಪಾಯಿ. ನಾನು ಅವನನ್ನು ತಡೆದೆ. ಲಡ್ಡು ಕೊನೆಗೆ, ಎಲ್ಲರೂ ನೋಡುವಾಗ, ನಾಯಕ ತನ್ನ ಕೈಯಾರೆ ಇಡಬೇಕು. ಕುರ್ಚಿ ಎಳೆದುಕೊಂಡು ಹತ್ತಿದೆ. ಇಟ್ಟೆ. ನಿಂತಿತು! ಚಪ್ಪಾಳೆ ಬಿತ್ತು. ಮರುಗಳಿಗೆಗೆ ಕರೆಂಟು ಬಂತು.

ಮೇಲೆ ಫ್ಯಾನ್ ತಿರುಗಿತು. ಕೆಳಗೆ ನೋಟು ಎಣಿಸುವ ಮಶಿನ್ನು, ಮೊದಲೇ ಕಟ್ಟು ಇಟ್ಟಿದ್ದರಿಂದ, ತಾನೇ ಎಣಿಸತೊಡಗಿತು. ಗೋಪುರ ವಾಲಿ, ಲಡ್ಡು ನೇರ ಅದರ ಬಾಯಿಗೆ ಬಿತ್ತು. ಮಶಿನ್ನು ಬೂಂದಿಯನ್ನೂ ನೋಟನ್ನೂ ಭೇದವಿಲ್ಲದೆ ಎಣಿಸಿ ಹೊರಗೆ ಬಿಸಾಡಿತು. ಬೂಂದಿಯ ಮಳೆ, ಐನೂರರ ನೋಟುಗಳ ಮಳೆ. ಅಜ್ಜಾರು ತಮ್ಮ ಧೋತರದ ಮೇಲೆ ಬಿದ್ದ ಬೂಂದಿಯನ್ನು ಆರಿಸಿ ಬಾಯಿಗೆ ಹಾಕಿಕೊಂಡು, ‘ಚಲೋ ಆಗೇತಿ’ ಎಂದರು.

ಸಂಜೆ ನಗದು ತಾಳೆಯಾಗಲಿಲ್ಲ. ಐನೂರು ರೂಪಾಯಿ ಕಡಿಮೆ. ಆಮೇಲಿನದನ್ನು ನಾನು ಕುರ್ಚಿಯಲ್ಲಿ ಕೂತು ನೋಡಿದೆ. ಕ್ಯಾಶಿಯರ್ ಮೇಡಂ ಜವಳ ಮುಗಿಸಿ ಅಂದೇ ಬಂದಿದ್ದರು, ಯಾರೂ ಹೇಳದೆಯೇ ಮತ್ತೊಮ್ಮೆ ಎಣಿಸಲು ಕೂತರು. ಪತ್ತಾರರು ಚಿಮಟ ಹಿಡಿದು ಮಶಿನ್ನಿನ ಹೊಟ್ಟೆ ಬಿಚ್ಚಿದರು. ಕ್ಲಾರ್ಕ ಚೀಟಿಗಳನ್ನು ಒಂದೊಂದಾಗಿ ಗೀಟು ಹಾಕಿ ನೋಡಿದ. ಪಿಗ್ಮಿ ಏಜೆಂಟ ಎಲ್ಲರಿಗೂ ಗಿರ್ಮಿಟ್ ತಂದ. ಸಿಪಾಯಿ ಕಪಾಟಿನ ಅಡಿ ತೂರಿದ. ಟಕ್‌ಮನ್ನರ ನಾಲ್ಕನೆಯ ಘಟ್ಟ ಕಣ್ಣೆದುರೇ ನಡೆದಿತ್ತು. ನಾನು ನಡುನಡುವೆ ‘ನಮ್ಮ ಗುರಿ ಏನು?’ ಎಂದು ಸ್ಫೂರ್ತಿ ತುಂಬುತ್ತಿದ್ದೆ. ಕೊನೆಗೆ ಮೇಡಂ ಕೈ ಮುಗಿದು, ‘ಸರ, ನೀವು ಮನೀಗೆ ಹೋಗ್ರಿ. ನೀವಿದ್ರ ತಡ ಆಗ್ತೈತಿ’ ಎಂದರು. ಎದ್ದೆ. ಸಕ್ಕರೆ ಪಾಕಕ್ಕೆ ಅಂಟಿದ ಐನೂರರ ನೋಟು ನನ್ನ ಪ್ಯಾಂಟಿನ ಹಿಂಭಾಗದಲ್ಲಿ ಗಾಂಧೀಜಿ ಸಮೇತ ಎದ್ದು ಬಂತು.

ಸಿಬ್ಬಂದಿಯ ವಿಶ್ವಾಸ ಗಳಿಸಲು ಉಳಿದದ್ದು ಒಂದೇ ದಾರಿ, ಬೋನಸ್. ಅದನ್ನು ಕೊಡಿಸಿಯೇ ಬರುತ್ತೇನೆಂದು ಅಧ್ಯಕ್ಷರ ಅಂಗಡಿಗೆ ಹೋದೆ. ಒಣಮೆಣಸಿನಕಾಯಿ ದಲಾಲಿ ಅವರದು. ತರಬೇತಿ ಕೋಣೆಯ ಹೊಸ್ತಿಲು ತುಳಿದವರಲ್ಲ. ನಾನು ಸೀನುತ್ತಾ ವಿಷಯ ಹೇಳಿದೆ.

‘ಹೌದಲ್ರಿ, ಕೊಡಬೇಕ. ನಿಮಗೇನ್ ಅನಸ್ತೈತಿ?’ ಎಂದರು.

ಕೊಡಬೇಕೆಂದು ಅನಿಸುತ್ತದೆ ಎಂದೆ. ‘ಮತ್ತ, ರೊಕ್ಕ ಎಲ್ಲಿಂದ ಬರಬಹುದ್ರಿ?’ ಲಾಭದಿಂದ ಎಂದೆ. ‘ಲಾಭಕ್ಕ ಅಡ್ಡ ಏನೈತ್ರಿ?’ ಸುಸ್ತಿ ಸಾಲ ಎಂದೆ. ಅವರು ಕಾಯಿ ಮುರಿದು ಬೀಜ ನೋಡುತ್ತಾ ಸುಮ್ಮನಾದರು. ಬಹಳ ಹೊತ್ತು ಸುಮ್ಮನಿದ್ದರು. ಆ ಮೌನ ತಡೆಯಲಾರದೆ ನನ್ನ ಬಾಯಿಂದ ಮಾತು ತಾನಾಗಿ ಹೊರಟಿತು: ಸುಸ್ತಿದಾರರ ಮನೆಮನೆಗೆ ಹೋಗಿ ವಸೂಲಿ ಮಾಡಬಹುದು, ಮ್ಯಾನೇಜರೇ ಹೋದರೆ ಪರಿಣಾಮ ಹೆಚ್ಚು, ರವಿವಾರ ಹೋದರೆ ಆಫೀಸಿನ ಕೆಲಸಕ್ಕೂ ತೊಂದರೆಯಿಲ್ಲ. ‘ಭಾಳ ಚಲೋ ವಿಚಾರ ಮಾಡೀರಿ’ ಎಂದು ಅಧ್ಯಕ್ಷರು ಬೆನ್ನು ತಟ್ಟಿ, ಚಹಾ ಕುಡಿಸಿ ಕಳಿಸಿದರು. ಬೋನಸ್ ಕೇಳಲು ಹೋದವನು ವಾರದ ರಜೆ ಕೊಟ್ಟು ಬಂದಿದ್ದೆ.

ರವಿವಾರ ಪಿಗ್ಮಿ ಏಜೆಂಟನ ಬೈಕಿನ ಹಿಂದೆ ಕೂತು ಮೊದಲ ಮನೆಗೆ ಹೋದೆ. ಕಟ್ಟೆಯ ಮೇಲೆ ಕೂತಿದ್ದರು ಅದೇ ಅಜ್ಜಾರು. ‘ಬರ್ರಿ ಸಾಹೇಬ್ರ, ಕುಂದರ್ರಿ’ ಎಂದು ಕಂಬಳಿ ಹಾಸಿದರು, ನೀರು ತರಿಸಿದರು. ನಾನು ಕಡತ ಬಿಚ್ಚಿ, ಅಸಲು, ಬಡ್ಡಿ, ದಂಡ ಎಲ್ಲ ಓದಿ, ಇವತ್ತೇ ಒಂದಿಷ್ಟಾದರೂ ತುಂಬಬೇಕು ಎಂದೆ. ಅಜ್ಜಾರು ತಂಬಾಕು ತಿಕ್ಕುತ್ತಾ ನನ್ನ ಕಣ್ಣಲ್ಲೇ ಕಣ್ಣಿಟ್ಟು ಕೇಳಿದರು:

‘ನಾ ಸಾಲ ತುಂಬಬೇಕು ಅಂತ ನಿಮಗ ಯಾಕ ಅನಸಾಕ ಹತ್ತೇತ್ರಿ?’